ಹೆಗಲ ಮೇಲೆ ನಿಂತುಹೋದ ಅತ್ತೆಯ ಕಥೆ

ಎಲ್ಲ ಎಂದಿನಂತಿದ್ದ ಕೊನೆಯ ದಿನ ಬೆಳಿಗ್ಗೆ ನಾನು ಶರಣಪ್ಪನ ಹೆಗಲ ಮೇಲೆ ತಲೆಕೆಳಗಾಗಿ ಜೋತುಬಿದ್ದು ನಮ್ಮ ಅತ್ತೆಯ ಕಥೆ ಹೇಳುತ್ತಿದ್ದೆ. ಗಂಡಸರು ಮನಸ್ಸು ಬಿಚ್ಚಿ ಮಾತಾಡುವುದಿಲ್ಲ ಎಂದು ಹೆಂಗಸರು ದೂರುತ್ತಾರೆ. ನನ್ನನ್ನು ಜೋಳದ ಚೀಲದ ಹಾಗೆ ಹೆಗಲಿಗೆ ಹಾಕಿಕೊಂಡು ನಡೆದು ನೋಡಲಿ, ಆಮೇಲೆ ಹೇಳಲಿ. ಎರಡೂ ಕಾಲು ನೆಲದ ಮೇಲಿದ್ದು ಎದುರಿಗೆ ಮುಖವಿದ್ದಾಗ ಮಾತ್ರ ನನಗೆ ಮಾತು ಹೊರಡುವುದಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಮಹಾದೇವಿ ಇದನ್ನು ಗಾಂಭೀರ್ಯ ಎಂದುಕೊಂಡಿದ್ದಳು. ಈಗ ಬೇರೆ ಹೆಸರಿಟ್ಟಿದ್ದಾಳೆ.

ನಾನು ಹೈದರಾಬಾದಿನ ಒಂದು ಅಗ್ನಿಶಾಮಕ ಠಾಣೆಯಲ್ಲಿ ಫೈರ್‌ಮನ್. ಬೆಂಕಿ ಆರಿಸುವವರದು ಹುರಿಗಟ್ಟಿದ ಮೈ ಎಂದು ಜನ ತಿಳಿದಿದ್ದಾರೆ. ಅವರು ನಮ್ಮನ್ನು ನೋಡುವುದು ಬೆಂಕಿ ಬಿದ್ದಾಗ ಮಾತ್ರ, ಬೀಳದಿದ್ದಾಗ ನೋಡಬೇಕು. ನಮ್ಮದು ಕಾಯುವ ನೌಕರಿ. ಕಾಯುತ್ತ ಕೂತವನಿಗೆ ಹಸಿವಾಗುತ್ತದೆ, ಠಾಣೆಯ ಗೇಟಿನೆದುರೇ ಮಿರ್ಚಿ ಬಜ್ಜಿಯ ಬಂಡಿ ನಿಲ್ಲುತ್ತದೆ. ಸಮವಸ್ತ್ರದ ಬೆಲ್ಟಿಗೆ ನಾವೇ ಮೊಳೆಯಿಂದ ಹೊಸ ತೂತು ಹಾಕಿಕೊಳ್ಳುವ ಹಂತಕ್ಕೆ ಬಂದಾಗ ಮೇಲಿನವರಿಗೂ ಅದು ಕಂಡಿರಬೇಕು. ಒಂದು ಆದೇಶ ಬಂತು. ಪ್ರತಿ ಠಾಣೆಯಿಂದ ಒಬ್ಬ ಹೋಗಿ ವ್ಯಾಯಾಮ ಕಲಿತು ಬರಬೇಕು, ಬಂದು ತನ್ನ ಜೊತೆಯವರಿಗೆ ದಿನವೂ ತಾನೇ ಮಾಡಿಸಬೇಕು, ಹೊರಗಿನ ಗುರು ಯಾರೂ ಬರುವುದಿಲ್ಲ. ಸಾಹೇಬರು ಓದಿ ತಲೆಯೆತ್ತುವಷ್ಟರಲ್ಲಿ ನಾವೆಲ್ಲ ನೀರಿನ ಲಾರಿಯ ಹಿಂದೆ ಸೇರಿದ್ದೆವು. ಶರಣಪ್ಪ ಮಾತ್ರ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದ. ಬಿಸಿ ಚಹಾ ಬಿಟ್ಟು ಏಳುವ ಮನುಷ್ಯ ಅವನಲ್ಲ. ಹೀಗೆ ಅವನು ಗುರುವಾದ.

ಶರಣಪ್ಪ ನನಗಿಂತ ಹಿರಿಯ, ಲೀಡಿಂಗ್ ಫೈರ್‌ಮನ್. ನಮ್ಮ ಮನೆಯವರಂತೆಯೇ ಅವನ ಅಜ್ಜನೂ ಹುಮನಾಬಾದ್ ಕಡೆಯಿಂದ ಹೈದರಾಬಾದಿಗೆ ದುಡಿಯಲು ಬಂದವನು. ಇಡೀ ಠಾಣೆಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಹೊರಗಿನ ಗುರುವಿನ ಮುಂದೆ ‘ಸಾರ್, ಸೊಂಟ’ ಎಂದು ಮುಖ ಕಿವುಚಿ ಪಕ್ಕಕ್ಕೆ ಕೂರಬಹುದು. ಒಂದೇ ಡಬ್ಬಿಯಲ್ಲಿ ಉಂಡವನು ಗುರುವಾದರೆ ಆ ಅನುಕೂಲ ಇಲ್ಲ. “ನಿನ್ನಿ ಕ್ಯಾರಂ ಆಡೂಮುಂದ ಸೊಂಟಾ ಚೊಲೋ ಇತ್ತಲ್ಲೋ ಗುರ್ಯಾ? ಬರೇ ಬೆಳಿಗ್ಗಿ ಅಷ್ಟ ನೋಯ್ತೈತೇನು?” ಎಂದು ನನ್ನ ಹೆಸರು ಹಿಡಿದೇ ಕೇಳುತ್ತಿದ್ದ. ನಿಜವಾದ ನೋವು ಯಾರದೆಂಬುದೂ ಅವನಿಗೆ ಗೊತ್ತಾಗುತ್ತಿತ್ತು. ನಮ್ಮ ನರೇಶನ ತಂದೆ ಆಸ್ಪತ್ರೆಯಲ್ಲಿದ್ದಾಗ ಆ ಹುಡುಗ ಕಣ್ಣು ಕೆಂಪು ಮಾಡಿಕೊಂಡು ಡ್ಯೂಟಿಗೆ ಬರುತ್ತಿದ್ದ. ಶರಣಪ್ಪ ಏನೂ ಕೇಳದೆ ತನ್ನ ಸೀಟಿಯನ್ನು ಅವನ ಕೈಗೆ ಕೊಟ್ಟು, ಇವತ್ತು ಊದುವ ಕೆಲಸ ನಿನ್ನದು ಎಂದು ಮರದ ಕೆಳಗೆ ಕೂರಿಸಿದ. ನರೇಶ ಕೂತಲ್ಲೇ ನಿದ್ದೆ ಹೋದ. ಅವತ್ತು ಸೀಟಿಯಿಲ್ಲದೆಯೇ ವ್ಯಾಯಾಮ ನಡೆಯಿತು.

ಎಲ್ಲಕ್ಕಿಂತ ಕೊನೆಯದು ಹೊರುವ ಕವಾಯತು. ಹೊಗೆ ತುಂಬಿದ ಮನೆಯಿಂದ ಎಚ್ಚರ ತಪ್ಪಿದವರನ್ನು ಹೆಗಲ ಮೇಲೆ ಹಾಕಿಕೊಂಡು ಬರಬೇಕಲ್ಲ, ಅದರ ಅಭ್ಯಾಸ. ತೂಕಕ್ಕೆ ತೂಕ ನೋಡಿ ಎಲ್ಲರೂ ಜೋಡಿ ಮಾಡಿಕೊಂಡರು. ನನ್ನನ್ನು ನೋಡಿದವರೆಲ್ಲ ಬೂಟಿನ ಲಾಡಿ ಕಟ್ಟಲು ಬಗ್ಗಿದರು. ಕೊನೆಗೆ ಗುರುವೇ ಮುಂದೆ ಬಂದ. “ಹೆಣ್ಣ ಸಿಗದ ವರಾ ಇದ್ದಂಗ ನಿಂತೀಯಲ್ಲೋ, ಬಾ” ಎಂದು ಮೊಣಕಾಲು ಬಗ್ಗಿಸಿದ.

ಹೊತ್ತವನಿಗೆ ಉಸಿರು ಬೇಕು, ಅವನು ಮಾತಾಡಲಾರ. ಹೊರಿಸಿಕೊಂಡವನಿಗೆ ಬೇರೆ ಕೆಲಸವಿಲ್ಲ. ಹೀಗಾಗಿ ಮೇಲಿದ್ದವನು ಮಾತಾಡುವುದು, ಕೆಳಗಿದ್ದವನು ಹೂಂ ಎನ್ನುವುದು ನಮ್ಮಲ್ಲಿ ತಾನಾಗಿಯೇ ರೂಢಿಯಾಯಿತು. ಅಂಗಳದ ಆ ತುದಿಯ ತನಕ ನನ್ನ ಮಾತು, ಬರುವಾಗ ಅವನ ಮಾತು. ಚಿಕ್ಕಂದಿನಲ್ಲಿ ನಮ್ಮಜ್ಜಿ ನಾವು ಹೂಂ ಎನ್ನುವುದನ್ನು ಮರೆತರೆ ಕಥೆ ನಿಲ್ಲಿಸಿ ಅಡಿಕೆ ಕತ್ತರಿಸಲು ಕೂತುಬಿಡುತ್ತಿದ್ದಳು. ಶರಣಪ್ಪ ಎಂದೂ ಮರೆತವನಲ್ಲ. ನಂಬಿದಾಗ ಒಂದು ಹೂಂ, ನಂಬದಾಗ ಒಂದು ಹೂಂ, ನನ್ನದೇ ತಪ್ಪು ಎನಿಸಿದಾಗ ಹೊಟ್ಟೆಯೊಳಗಿಂದ ಬರುವ ಉದ್ದನೆಯ ಹೂಂ. ಆ ಸ್ಥಿತಿಯಲ್ಲಿ ನನಗೆ ಕಾಣುತ್ತಿದ್ದುದು ಅವನ ಬೂಟಿನ ಹಿಮ್ಮಡಿ ಮಾತ್ರ. ಮುಖ ನೋಡಬೇಕಾಗಿಲ್ಲದ್ದರಿಂದ ಏನು ಬೇಕಾದರೂ ಹೇಳಬಹುದಾಗಿತ್ತು. ಅವನೂ ಹೇಳುತ್ತಿದ್ದ. ಮೂರನೆಯ ಮಹಡಿಯ ಬಾಡಿಗೆ ಮನೆ ಬಿಟ್ಟು ಮಲ್ಕಾಜ್‌ಗಿರಿ ಕಡೆ ನೆಲದ ಮೇಲಿನ ಒಂದು ಮನೆ ಹಿಡಿಯಬೇಕು, ಬಾಗಿಲಲ್ಲಿ ಒಂದು ಕರಿಬೇವು ಹಚ್ಚಬೇಕು ಎನ್ನುವುದು ಅವನ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ನಾನು ಉಬ್ಬಸಪಡುತ್ತ ಹೂಂ ಎನ್ನುತ್ತಿದ್ದೆ. ಉಳಿದವರಿಗೆ ನಮ್ಮ ಕನ್ನಡ ತಿಳಿಯದು. “ಏಂ ಮುಚ್ಚಟ್ಲನ್ನಾ, ಮಾಕೂ ಚೆಪ್ಪಂಡಿ” ಎಂದು ನರೇಶ ತೆಲುಗಿನಲ್ಲಿ ಗೋಗರೆಯುತ್ತಿದ್ದ, ಏನು ಹರಟೆ, ನಮಗೂ ಹೇಳಿ ಎಂದು.

ಒಮ್ಮೆ ಮಹಾದೇವಿ ನಾನು ಮರೆತು ಬಂದ ಡಬ್ಬಿ ಕೊಡಲು ಠಾಣೆಗೆ ಬಂದಳು. ನಾನು ಆಗ ತಲೆಕೆಳಗಾಗಿ ನಗುತ್ತಿದ್ದೆ. ಸಂಜೆ ಮನೆಗೆ ಹೋದಾಗ ತಾಟಿಗೆ ರೊಟ್ಟಿ ಹಾಕುತ್ತ ಅಂದಳು: “ಮನ್ಯಾಗ ಹಿಂಗ ಒಂದ ದಿನಾನೂ ನಕ್ಕಿಲ್ಲರಿ ನೀವು. ನಾನೂ ಎತ್ಕೊಳ್ಲೇನು?”

ಇನ್ನು ಅತ್ತೆಯ ಕಥೆ. ಊರಿನಿಂದ ಬಂದ ಅತ್ತೆಗೆ ಮೆಟ್ರೋ ತೋರಿಸೋಣ ಎಂದು ದಿಲ್‌ಸುಖ್‌ನಗರ ಸ್ಟೇಷನ್ನಿಗೆ ಕರೆದೊಯ್ದಿದ್ದೆವು. ಅವರು ಎಸ್ಕಲೇಟರ್ ಮುಂದೆ ನಿಂತು ಒಂದು ಕ್ಷಣ ನೋಡಿದರು. “ತಾನ ನಡಿಯೂ ಮೆಟ್ಟಿಲಾ ನಾ ಹತ್ತಂಗಿಲ್ಲ” ಎಂದು ಚೀಲ ಸಮೇತ ಅಲ್ಲೇ ಕೂತರು. ಹಿಂದೆ ಜನ ಸೇರಿದರು. ಹೆಂಡತಿ ನನ್ನತ್ತ ನೋಡಿದಳು. ನಾನು ಎಷ್ಟಾದರೂ ಹೊರುವುದರಲ್ಲಿ ಪಳಗಿದವನು. ಮೊಣಕಾಲು ಬಗ್ಗಿಸಿ, “ಬರ್ರಿ ಅತ್ತಿ, ನಾ ಹೊತ್ಕೊಂಡ ಹೋಗ್ತೀನಿ” ಎಂದುಬಿಟ್ಟೆ.

ಕಥೆ ಇಲ್ಲಿಗೆ ಬಂದಾಗ ಠಾಣೆಯ ಗಂಟೆ ಹೊಡೆಯಿತು. ಯಾವುದೋ ಗೋದಾಮಿನಲ್ಲಿ ಹೊಗೆ. ಶರಣಪ್ಪ ನನ್ನನ್ನು ಇಳಿಸಿ ಲಾರಿಯತ್ತ ಓಡಿದ. ಓಡುತ್ತಲೇ ತಿರುಗಿ ಕೇಳಿದ. “ಮುಂದ? ಎತ್ತಿದ್ಯೋ ಇಲ್ಲೋ?” ನನ್ನ ಕಥೆಗೆ ಬರೀ ಹೂಂ ಎನ್ನುವವನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ನನಗೆ ಹೆಮ್ಮೆಯಾಯಿತು. ಒಳ್ಳೆಯ ಜಾಗದಲ್ಲಿ ನಿಂತ ಕಥೆಯನ್ನು ಯಾರೂ ಅವಸರದಲ್ಲಿ ಮುಗಿಸುವುದಿಲ್ಲ. “ನಾಳಿ ಹೇಳ್ತೀನಿ ಅಣ್ಣಾ” ಎಂದೆ.

ಮರುದಿನ ಅವನಿಗೆ ಜ್ವರ. ಜ್ವರ ಕಾಮಾಲೆಯಾಯಿತು. ಅಲ್ಲಿ ಇಲ್ಲಿ ಔಷಧ ನಡೆಯಿತು. ಫೋನಿನಲ್ಲಿ “ಮುಂದ ಏನಾತೋ?” ಎಂದು ಕೇಳುತ್ತಿದ್ದ. “ಫೋನಿನ್ಯಾಗ ಬ್ಯಾಡ ಅಣ್ಣಾ, ನೀ ಬಂದ ಮ್ಯಾಲ” ಎನ್ನುತ್ತಿದ್ದೆ. ಗುಣವಾಗಿ ಬರಲು ಅವನಿಗೂ ಒಂದು ನೆಪ ಇರಲಿ ಎಂದು ನನ್ನ ಲೆಕ್ಕಾಚಾರ. ಒಂದು ಮಧ್ಯಾಹ್ನ ಅವನ ಹೆಂಡತಿಯ ಫೋನ್ ಬಂತು. “ಗುರಣ್ಣಾ, ಆಂಬುಲೆನ್ಸ್ ಬಂದೈತಿ. ಇವರಿಗೆ ಮೆಟ್ಟಿಲಾ ಇಳಿಯಾಕ ಆಗವಲ್ದು. ಭಾಳ ಸೋತಾರ. ಲಗೂ ಬರ್ರಿ.”

ಆ ಮೂರು ಮಹಡಿಯ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ತಿರುವಿನಲ್ಲಿ ಸ್ಟ್ರೆಚರ್ ಹೊರಳುತ್ತಿರಲಿಲ್ಲ. ನಾನು ಅವನ ಮುಂದೆ ಬಗ್ಗಿದೆ. “ಸೊಂಟಾ ಅಲ್ಲೋ, ಮೊಣಕಾಲ ಬಗ್ಗಸು” ಎಂದ. ಗುರು ಗುರುವೇ. ಎತ್ತಿದಾಗ ತೂಕವೇ ಇರಲಿಲ್ಲ. ಎಂಥ ದಢೂತಿಯನ್ನೂ ಎತ್ತಲು ಸಿದ್ಧವಾಗಿದ್ದ ನನ್ನ ಕಾಲುಗಳು ಆ ಹಗುರಕ್ಕೆ ತಡವರಿಸಿದವು. ನಮ್ಮ ರೂಢಿಯ ಪ್ರಕಾರ ಮೇಲಿದ್ದವನು ಮಾತಾಡಬೇಕು. ಅವನು ಮಾತಾಡಲಿಲ್ಲ. ಆದರೂ ನಾನು ಪ್ರತಿ ತಿರುವಿನಲ್ಲೂ ಹೂಂ ಎಂದೆ. ಕೆಳಗೆ ಆಂಬುಲೆನ್ಸಿನಲ್ಲಿ ಮಲಗಿಸಿದಾಗ ಅವನ ಮುಖ ಎದುರಿಗಿತ್ತು. ಎದುರಿಗೆ ಮುಖವಿದ್ದಾಗ ನನಗೆ ಮಾತು ಹೊರಡುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಅವನು ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ.

ಈಗ ಸೀಟಿ ನನ್ನ ಕೊರಳಲ್ಲಿದೆ. ಕಲಿತು ಬಂದು ಗುರುವಾದವನಲ್ಲ ನಾನು. ಶರಣಪ್ಪ ಮಾಡಿಸಿದ್ದನ್ನೇ ನೆನಪಿನಿಂದ ಮಾಡಿಸುತ್ತೇನೆ. ‘ಸೊಂಟಾ ಅಲ್ಲೋ, ಮೊಣಕಾಲ’ ಎಂದು ಕನ್ನಡದಲ್ಲೇ ಕೂಗಿದರೂ ತೆಲುಗು ಹುಡುಗರು ಸರಿಯಾಗಿ ಬಗ್ಗುತ್ತಾರೆ. ನಾನು ಜೋಡಿಯಿಲ್ಲದವನು. ಮರಳು ತುಂಬಿದ ಬೊಂಬೆಯೊಂದಿದೆ, ಅದನ್ನು ಹೊರುತ್ತೇನೆ. ಮಾತಿಲ್ಲ, ಹೂಂ ಇಲ್ಲ, ಆಗಾಗ ಕಾಲರಿನೊಳಗೆ ಮರಳು ಸುರಿಸುತ್ತದೆ. ನನ್ನನ್ನು ಹೊರುವ ಸರದಿ ಬಂದಾಗ ಹುಡುಗರಿಬ್ಬರು ಸೇರಿ ಒಬ್ಬ ತೋಳು, ಒಬ್ಬ ಕಾಲು ಹಿಡಿದು ಬೀರುವಿನ ಹಾಗೆ ಸಾಗಿಸುತ್ತಾರೆ. ಆಕಾಶ ನೋಡುತ್ತ ಹೋಗುವಾಗ ಕಥೆ ಹೊರಡುವುದಿಲ್ಲ.

“ಮನಸಿನ್ಯಾಗ ಇಟ್ಕೊಂಡ ಕೊರಗಬ್ಯಾಡ್ರಿ, ಆ ಕಥಿ ನರೇಶಗಾದರೂ ಹೇಳ್ರಿ” ಎಂದಳು ಮಹಾದೇವಿ. ಹೇಳಿದೆ. ಅವತ್ತು ಸ್ಟೇಷನ್ನಿನಲ್ಲಿ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಾ ಸತ್ತ ಮ್ಯಾಲ ಹೊರೂವಂತಿ, ಈಗ ಬಾಜೂ ಸರಿ” ಎಂದರು. ಪಕ್ಕದ ಸಾದಾ ಮೆಟ್ಟಿಲನ್ನು ದಡದಡ ಹತ್ತಿ, ನಾವು ಎಸ್ಕಲೇಟರಿನಲ್ಲಿ ಮೇಲೆ ಬರುವಷ್ಟರಲ್ಲಿ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ತೆಲುಗಿನಲ್ಲಿ ಹೇಳಿದರೂ ನರೇಶ ಬಿದ್ದು ಬಿದ್ದು ನಕ್ಕ. ಮತ್ತೊಮ್ಮೆ ಹೇಳಿಸಿಕೊಂಡು ಮತ್ತೆ ನಕ್ಕ. ಒಳ್ಳೆಯ ಹುಡುಗ.

ಈಗ ಆ ಕಥೆ ಠಾಣೆಗೆಲ್ಲ ಗೊತ್ತು, ಬಜ್ಜಿ ಬಂಡಿಯವನಿಗೂ ಗೊತ್ತು, ಓದಿದ ನಿಮಗೂ ಗೊತ್ತಾಯಿತು. ಶರಣಪ್ಪನಿಗೆ ಮಾತ್ರ ನಾನು ಅತ್ತೆಯನ್ನು ಎತ್ತಿದೆನೋ ಇಲ್ಲವೋ ಇನ್ನೂ ಗೊತ್ತಿಲ್ಲ.