ಸುಂಡೆಕಾಯಿ ಹತ್ತಿಸಿದ ಟ್ರೇಲರು

ಷೋಕೇಸಿನ ಬೀಗದ ಕೈಯನ್ನು ದೇವರ ಪಟದ ಹಿಂದೆ ಇಟ್ಟು ಹೋದದ್ದೇ ರೇಣುಕಾಪ್ರಸಾದ ಮಾಡಿದ ತಪ್ಪು. ಬೇರೆ ದಿನವಾಗಿದ್ದರೆ ಏನೂ ಆಗುತ್ತಿರಲಿಲ್ಲ. ಆವತ್ತು ಆಯುಧಪೂಜೆ. ಆಯುಧಪೂಜೆಯ ದಿನ ದೇವರ ಪಟ ಇಳಿಸಿ ಒರೆಸದೆ ಬಿಡುವ ಹೆಂಗಸು ಚನ್ನಪಟ್ಟಣದಲ್ಲಿ ಇನ್ನೂ ಹುಟ್ಟಿಲ್ಲ.

ಆ ಷೋಕೇಸಿನಲ್ಲಿ ಇದ್ದದ್ದು ಬೆಳ್ಳಿ ಸಾಮಾನಲ್ಲ, ಒಡವೆಯೂ ಅಲ್ಲ, ಲಾರಿಗಳು. ಆಟದ ಸಾಮಾನು ಅಂತ ಯಾರಾದರೂ ಅಂದರೆ ರೇಣುಕಾಪ್ರಸಾದನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವು ಮಾಡೆಲ್ಲುಗಳು. ಹೊಸ ಫ್ಯಾಕ್ಟರಿಗಳಿಗೆ ಟ್ರಾನ್ಸ್‌ಫಾರ್ಮರು, ಬಾಯ್ಲರು ಹೊತ್ತುಕೊಂಡು, ಮುಂದೊಂದು ಜೀಪಿನಲ್ಲಿ ಕೆಂಪು ಬಾವುಟ ಬೀಸಿಸಿಕೊಂಡು, ಮೈಸೂರು ರಸ್ತೆಯ ಬಸ್ಸುಗಳನ್ನೆಲ್ಲ ಬೆನ್ನ ಹಿಂದೆ ಕಾಯಿಸುತ್ತ ತೆವಳಿಕೊಂಡು ಹೋಗುವ ಭಾರಿ ಟ್ರೇಲರುಗಳಿವೆಯಲ್ಲ, ಅಂಥವನ್ನೇ ಐವತ್ತರಲ್ಲಿ ಒಂದು ಪಾಲಿನ ಸ್ಕೇಲಿಗೆ ಇಳಿಸಿ ಜರ್ಮನಿಯವರು ಮಾಡಿದ ಪ್ರತಿಗಳು. ಮೂತಿ ತಿರುಗಿಸಿದರೆ ಹಿಂದಿನ ಗಾಲಿಗಳ ಸಾಲೂ ತಿರುಗುತ್ತಿತ್ತು. ಬಿಡದಿ ಕಡೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರಾಗಿದ್ದ ಆತ, ಫಾರಿನ್ನಿಗೆ ಹೋಗಿಬರುವ ಇಂಜಿನಿಯರುಗಳ ಕೈಕಾಲು ಹಿಡಿದು ಒಂದೊಂದಾಗಿ ತರಿಸಿಕೊಂಡಿದ್ದ. ಉಸಿರು ತಾಗಿ ಬಣ್ಣ ಮಂಕಾದೀತೆಂದು ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಅವುಗಳ ಧೂಳು ತೆಗೆಯುತ್ತಿದ್ದ.

ಎದುರು ಮನೆಯ ಶರೀಫ್ ಸಾಬರು ಮರದ ಬಣ್ಣದ ಗೊಂಬೆ ಕಡೆಯುವವರು. ಪ್ರಸಾದಣ್ಣನಿಗೆ ಲಾರಿ ಅಂದರೆ ಪ್ರಾಣ ಎಂದು ತಿಳಿದು, ಹೋದ ವರ್ಷ ತಾವೇ ಕೂತು ಒಂದು ಮರದ ಲಾರಿ ಮಾಡಿ ತಂದುಕೊಟ್ಟಿದ್ದರು. ಹಳದಿ ಮೂತಿ, ಕೆಂಪು ಗಾಲಿ, ಹಿಂದೆ ತೊಟ್ಟಿ. "ಚೆನ್ನಾಗೈತೆ ಸಾಬ್ರೆ" ಅಂದ ರೇಣುಕಾಪ್ರಸಾದ, ಅವರು ಹೊಸಿಲು ದಾಟಿದ ಮೇಲೆ "ಇದಕ್ಕೆ ಸ್ಕೇಲೇ ಇಲ್ಲ" ಎಂದು ಅದನ್ನು ಅಡುಗೆಮನೆ ಕಿಟಕಿಗೆ ಸಾಗಹಾಕಿದ. ಅವನ ತಾಯಿ ಗಿರಿಜಾಂಬ ಅದರ ತೊಟ್ಟಿಯಲ್ಲಿ ಬೆಂಕಿಪೊಟ್ಟಣ ಇಡುತ್ತಿದ್ದರು.

ಬೀದಿಯಲ್ಲಿ ಅವನಿಗೆ 'ಗೊಂಬೆ ಲಾರಿ ಪ್ರಸಾದ' ಅಂತಲೇ ಹೆಸರು. ಆ ಹೆಸರನ್ನು ಅಳಿಸಿಹಾಕುವ ಸುಯೋಗ ಕೊನೆಗೂ ಕೂಡಿಬಂದಿತ್ತು. ಬೆಂಗಳೂರಿನಲ್ಲಿ ಇಂಥ ಮಾಡೆಲ್ ಸಂಗ್ರಹಿಸುವವರದೇ ಒಂದು ಸಂಘ. ಅದರ ಕಾರ್ಯದರ್ಶಿ ಮುನಿಶಾಮಯ್ಯ, ಸರ್ವೀಸೆಲ್ಲ ಭಾರಿ ಟ್ರೇಲರುಗಳ ಹಿಂದೆಯೇ ಅಲೆದು ರಿಟೈರಾದ ಇಂಜಿನಿಯರು. ಮುಂದಿನ ತಿಂಗಳ ಪ್ರದರ್ಶನದಲ್ಲಿ ಒಂದೇ ಒಂದು ಗಾಜಿನ ಸ್ಟ್ಯಾಂಡು ಖಾಲಿ ಉಳಿದಿತ್ತು. "ಹಬ್ಬದ ದಿನ ಮೈಸೂರಿಗೆ ಹೋಗ್ತಾ ಮಧ್ಯಾಹ್ನ ನಿಮ್ಮನೆಗೆ ಬಂದು ನೋಡ್ತೀನಿ. ಆದ್ರೆ ಪ್ರಸಾದ್, ಎಲ್ಲರ ಹತ್ರ ಇರೋದೇ ನಿಮ್ಮ ಹತ್ರನೂ ಇದ್ರೆ ಕಷ್ಟ" ಎಂದಿದ್ದರು. ಆ ಸ್ಟ್ಯಾಂಡಿನ ಮೇಲೆ ತನ್ನ ಹೆಸರು ಬಂದುಬಿಟ್ಟರೆ ಬೀದಿಯವರ ಬಾಯಿಗೆ ಬೀಗ ಬಿದ್ದಂತೆಯೇ ಎಂದು ರೇಣುಕಾಪ್ರಸಾದ ವಾರದಿಂದ ನಿದ್ದೆ ಬಿಟ್ಟಿದ್ದ. ಹೆಂಡತಿ ಮಗಳನ್ನು ಕರೆದುಕೊಂಡು ಕುದೂರಿನ ತವರಿಗೆ ಹೋಗಿದ್ದಳು. ಬೆಳಿಗ್ಗೆ ಫ್ಯಾಕ್ಟರಿಯ ಪೂಜೆಗೆ ಹೊರಡುವಾಗ ಅವನು ತಾಯಿಗೆ "ಅವ್ವ, ಷೋಕೇಸಿನ ಹತ್ರ ಯಾರ್ನೂ ಬುಡಬ್ಯಾಡ" ಎಂದು ಹೇಳಿಯೇ ಹೋಗಿದ್ದ. ಯಾರನ್ನೂ ಅಂದರೆ ತನ್ನನ್ನೂ ಸೇರಿಸಿ ಎಂದು ಗಿರಿಜಾಂಬನವರಿಗೆ ಹೇಗೆ ತಿಳಿಯಬೇಕು?

ಪುರಿ, ಬೂಂದಿಯ ಪೊಟ್ಟಣ ಹಿಡಿದು ಮನೆಗೆ ಬಂದರೆ ಬಾಗಿಲಲ್ಲೇ ಕರ್ಪೂರದ ವಾಸನೆ.

"ಬಾರಪ್ಪ, ಸರಿಯಾದ ಹೊತ್ಗೆ ಬಂದೆ. ಎಲ್ಲಾ ಗಾಡಿಗೂ ಮಾಡಿವ್ನಿ. ಒಂದ್ನೂ ಬುಟ್ಟಿಲ್ಲ" ಎಂದರು ಗಿರಿಜಾಂಬ.

ಷೋಕೇಸು ಬಾಯಿ ತೆರೆದುಕೊಂಡಿತ್ತು. ಲಾರಿಗಳೆಲ್ಲ ನಡುಮನೆಯ ಮಣೆಗಳ ಮೇಲೆ ಸಾಲಾಗಿ ನಿಂತಿದ್ದವು. ಒಂದೊಂದರ ಹಣೆಗೂ ಮೂರೆಳೆ ವಿಭೂತಿ, ನಡುವೆ ಕುಂಕುಮ. ಬಾಳೆಕಂದು ಕಟ್ಟಲು ಜಾಗ ಸಾಲದೆಂದು ಬಂಪರಿನ ಎರಡೂ ಕಡೆ ಗರಿಕೆ ಕಟ್ಟಿದ್ದರು. ನಿಂಬೆಹಣ್ಣು ಇಟ್ಟರೆ ಗಾಡಿಗಿಂತ ಹಣ್ಣೇ ದೊಡ್ಡದಾಗುತ್ತದೆಂದು ಪ್ರತಿ ಗಾಲಿಯ ಕೆಳಗೂ ಬಟಾಣಿಯಷ್ಟು ದಪ್ಪದ ಒಂದೊಂದು ಸುಂಡೆಕಾಯಿ. ಸಾಲಿನ ಮುಂದೆ ಬೂದುಗುಂಬಳಕಾಯಿಯ ಬದಲು ಒಂದು ತೊಂಡೆಕಾಯಿ, ಅದಕ್ಕೂ ತೂತು ಕೊರೆದು ಕುಂಕುಮ ತುಂಬಿ, ನಿವಾಳಿಸಿ ಒಡೆದದ್ದಾಗಿತ್ತು.

ರೇಣುಕಾಪ್ರಸಾದ ಪುರಿಯ ಪೊಟ್ಟಣದ ಸಮೇತ ನೆಲದ ಮೇಲೆ ಕೂತುಬಿಟ್ಟ.

"ಏನವ್ವ ಮಾಡ್ಬುಟ್ಟೆ?"

"ಪೂಜೆ ಕಣಪ್ಪ. ಹೋದೊರ್ಸ ಇವಕ್ಕೆ ಮಾಡ್ನಿಲ್ಲ, ನೀನು ಸ್ಕೂಟ್ರಿಂದ ಬಿದ್ದು ಮಂಡಿ ಒಡ್ಕಂಡೆ. ಒಂದೊಂದು ಗಾಡಿ ಮಡಿಕ್ಕಂಡಿರೋರೇ ಅಷ್ಟು ಜೋರಾಗಿ ಮಾಡ್ತಾವ್ರೆ. ಮನೆ ತುಂಬ ಮಡಿಕ್ಕಂಡಿರೋ ನಾವು ಸುಮ್ಕೆ ಕೂರಕಾಯ್ತದಾ? ಪುಟ್ಟಸ್ವಾಮಿನೂ ಬಂದಿದ್ದ, ಅವನೇ ಕಾಯಿ ಹತ್ತಿಸ್ದ."

ಪಕ್ಕದ ಮನೆಯ ಪುಟ್ಟಸ್ವಾಮಿ ರಿಟೈರಾದ ಬಸ್ ಡ್ರೈವರು. ತನ್ನ ಹೆಸರು ಬಂದದ್ದೇ ತಡ ಹಿತ್ತಲ ಬಾಗಿಲಿನಿಂದ ಒಳಗೆ ಬಂದ. "ಹಂಗೇ ಮಡಗಿದ್ರೆ ಆಗಕಿಲ್ಲ ಪ್ರಸಾದು, ಗಾಲಿ ಹತ್ತುಸ್ಲೇಬೇಕು. ನಿನ್ನ ಗಾಡಿ ಒಸಿ ಗಟ್ಟಿ. ಮೇಲಿಂದ ಒತ್ತಿ ಹತ್ತಿಸ್ದೆ" ಎಂದ.

ಒತ್ತಿ ಹತ್ತಿಸಿದ ಗುರುತು ಟಯರಿನ ಸಂದುಗಳಲ್ಲೆಲ್ಲ ಸುಂಡೆಬೀಜವಾಗಿ ಕೂತಿತ್ತು. ರೇಣುಕಾಪ್ರಸಾದನಿಗೆ ಅಳುವೇ ಬಂತು. ಮುನಿಶಾಮಯ್ಯ ಬರುವ ಹೊತ್ತಾಗಿದೆ. ಜರ್ಮನಿಯ ಮಾಡೆಲ್ಲಿಗೆ ವಿಭೂತಿ ಬಳಿದು ಕೂರಿಸಿದ್ದನ್ನು ಅವರು ನೋಡಿದರೆ ಸ್ಟ್ಯಾಂಡು ಹಾಗಿರಲಿ, ಸಂಘದ ಬಾಗಿಲಿಗೂ ಸೇರಿಸುವುದಿಲ್ಲ.

"ಇನ್ನೊಂದು ವಿಸ್ಯ ಕಣಪ್ಪ. ಬೆಳಿಗ್ಗೆ ಪೋನು ಬಂದಿತ್ತು..." ಎಂದರು ಗಿರಿಜಾಂಬ.

"ಪೋನು ಗೀನು ಆಮ್ಯಾಕೆ ಹೇಳವ್ವ. ಮೊದ್ಲು ಹಳೇ ಬಟ್ಟೆ ಕೊಡು."

ಕರ್ಚೀಫು ಕಟ್ಟಿಕೊಂಡು ಶುರುಮಾಡಿದ. ಗರಿಕೆ ಕಿತ್ತ, ಸುಂಡೆಕಾಯಿ ಆರಿಸಿ ಬೋಗುಣಿಗೆ ಹಾಕಿದ, ಬೀಜಗಳನ್ನು ಗುಂಡುಸೂಜಿಯಿಂದ ಕೆದಕಿದ. ವಿಭೂತಿ ಸುಲಭವಾಗಿ ಹೋಯಿತು. ಕುಂಕುಮ ಹೋಗಲೊಲ್ಲದು. ಒದ್ದೆ ಬಟ್ಟೆ ತಾಗಿಸಿದೊಡನೆ ಬಿಳಿ ಲಾರಿಯ ಮುಖ ಮದುವಣಗಿತ್ತಿಯ ಕೆನ್ನೆಯಂತೆ ಗುಲಾಬಿಯಾಯಿತು. ಉಜ್ಜಿದಷ್ಟೂ ಗುಲಾಬಿ ಹಿಂದಕ್ಕೆ ಹರಡಿತು.

"ನೀರಲ್ಲಿ ಹೋಗಕಿಲ್ಲ ಕಣ್ಲಾ. ಡಿಪೋದಲ್ಲಿ ನಾವು ಸೀಮೆಎಣ್ಣೇಲಿ ಒರಸ್ತಿದ್ದೋ" ಎಂದ ಪುಟ್ಟಸ್ವಾಮಿ. ರೇಣುಕಾಪ್ರಸಾದ ಬೇಡ ಅನ್ನುವಷ್ಟರಲ್ಲಿ ಸಾಲಿನ ಅತಿ ದೊಡ್ಡ ಟ್ರೇಲರನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು, "ಇದ್ನ ನಾನು ನೋಡ್ಕತೀನಿ, ಮಿಕ್ಕಿದ್ದ ನೀನು ನೋಡ್ಕ" ಎಂದು ತನ್ನ ಮನೆಗೆ ನಡೆದೇಬಿಟ್ಟ. ಹಿಂದೆ ಓಡೋಣವೆಂದರೆ ಕೈಯಲ್ಲಿ ಗುಲಾಬಿ ಲಾರಿ.

ಅಷ್ಟರಲ್ಲಿ ಬಾಗಿಲಲ್ಲಿ ಬಳೆ ಸದ್ದು. ಪುಟ್ಟಸ್ವಾಮಿಯ ಹೆಂಡತಿ ಕೆಂಚಮ್ಮ ಬೀದಿಯ ಹೆಂಗಸರನ್ನೆಲ್ಲ ಕರೆತಂದಿದ್ದಳು. ಗಿರಿಜಕ್ಕ ಪುಟಾಣಿ ಲಾರಿಗಳಿಗೆ ಮಾಡಿರುವ ಪೂಜೆ ನೋಡಲೇಬೇಕು ಎಂದು ಬೀದಿಯೆಲ್ಲ ಸಾರಿ ಬಂದಿದ್ದಳು. ಬಂದವರಿಗೆ ಕಂಡದ್ದು ಮೂಗು ಮುಚ್ಚಿಕೊಂಡು ಕುಂಕುಮ ಒರೆಸುತ್ತ ಕೂತ ರೇಣುಕಾಪ್ರಸಾದ.

"ಪೂಜೆ ಮಾಡಿದ್ನ ಅದೇ ದಿನ ಯಾರಾದ್ರೂ ಒರಸ್ತಾರಾ ಪ್ರಸಾದಪ್ಪ?" ಕೆಂಚಮ್ಮ ಕೇಳಿದಳು. "ಪಾಪ, ಅಕ್ಕ ಹೊತ್ತಾರೆಯಿಂದ ಕೂತು ಒಂದೊಂದು ಗರಿಕೆನೂ ದಾರದಲ್ಲಿ ಕಟ್ಟವ್ಳೆ."

"ನಿಮಗೆ ಗೊತ್ತಾಗಲ್ಲ ಕೆಂಚಮ್ಮಾರೆ. ಇವು ಪೂಜೆ ಮಾಡೋ ಗಾಡಿಗಳಲ್ಲ. ಮುಟ್ಟಲೇಬಾರದ ಗಾಡಿಗಳು."

"ಮುಟ್ಟದಿದ್ಮೇಲೆ ಯಾತಕ್ಕೆ ಮಡಿಕ್ಕಂಡಿದೀಯ?" ಎಂದು ಹಿಂದಿನಿಂದ ಯಾರೋ ಅಂದರು. ಹೆಂಗಸರು ನಕ್ಕರು. ಗಿರಿಜಾಂಬ ನಗಲಿಲ್ಲ. "ಹೋಗ್ಲಿ ಬುಡಿ, ಅವನ ಗಾಡಿ, ಅವನಿಷ್ಟ" ಎಂದು ಬೋಗುಣಿಯ ಸುಂಡೆಕಾಯಿ ಎತ್ತಿಕೊಂಡು ಒಳಗೆ ಹೋದರು. ರೇಣುಕಾಪ್ರಸಾದ ಒರೆಸುತ್ತಲೇ ಅದನ್ನು ನೋಡಿದ. ಸಂಜೆ ಅವ್ವನಿಗೆ ಸಮಾಧಾನ ಹೇಳಿದರಾಯಿತು ಎಂದುಕೊಂಡು ಮುಂದಿನ ಲಾರಿ ಎತ್ತಿಕೊಂಡ, ಈ ಸಲ ನೀರು ಮುಟ್ಟಿಸದೆ ಒಣಬಟ್ಟೆಯಲ್ಲೇ ಕುಂಕುಮ ಉದುರಿಸಿದ.

ಕಡೆಯ ಲಾರಿಯನ್ನು ಷೋಕೇಸಿಗೆ ಇಟ್ಟು ಬೀಗ ಹಾಕುವುದಕ್ಕೂ ಬಾಗಿಲಲ್ಲಿ ಕಾರು ನಿಲ್ಲುವುದಕ್ಕೂ ಸರಿಹೋಯಿತು. ಗುಲಾಬಿ ಲಾರಿಯನ್ನು ಮಂಚದ ಕೆಳಗೆ ತಳ್ಳಿಯಾಗಿತ್ತು. ಮಿಕ್ಕವೆಲ್ಲ ಈಗಷ್ಟೇ ಜರ್ಮನಿಯಿಂದ ಇಳಿದಂತೆ ಫಳಫಳ ಅನ್ನುತ್ತಿದ್ದವು. ಗೆದ್ದೆ ಅಂದುಕೊಂಡು ಕರ್ಚೀಫು ಬಿಚ್ಚಿ ಬಾಗಿಲಿಗೆ ಹೋದ.

ಮುನಿಶಾಮಯ್ಯನವರ ಕೊರಳಲ್ಲಿ ದೊಡ್ಡದೊಂದು ಕ್ಯಾಮೆರಾ ನೇತಾಡುತ್ತಿತ್ತು. ಚಪ್ಪಲಿ ಬಿಟ್ಟು ನೇರ ನಡುಮನೆಗೆ ಬಂದವರು ಷೋಕೇಸಿನ ಮುಂದೆ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಬಗ್ಗಿ ನೋಡಿದರು.

"ಎಲ್ರೀ?" ಎಂದರು.

"ಎಲ್ಲಾ ಇಲ್ಲೇ ಇವೆ ಸಾರ್. ಒಂದು ಗೀರೂ ಇಲ್ಲ ನೋಡಿ."

"ಇವು ನನ್ನ ಹತ್ರನೂ ಇವೆ. ಸಂಘದಲ್ಲಿ ಎಲ್ಲರ ಹತ್ರನೂ ಇವೆ. ಪೂಜೆ ಮಾಡಿದ್ದು ಎಲ್ಲಿ?"

"ಪೂಜೆನಾ ಸಾರ್?"

"ದಾರಿ ಕೇಳೋಣ ಅಂತ ಬೆಳಿಗ್ಗೆ ಫೋನ್ ಮಾಡಿದ್ದೆ. ನಿಮ್ಮ ತಾಯಿಯವರು ಎಲ್ಲಾ ಹೇಳಿದ್ರು. ಗರಿಕೆಯ ಬಾಳೆಕಂದಂತೆ, ಸುಂಡೆಕಾಯಿಯ ನಿಂಬೆಹಣ್ಣಂತೆ, ತೊಂಡೆಕಾಯಿಯ ಕುಂಬಳಕಾಯಂತೆ. ಅಲ್ರೀ, ನಾನು ಸರ್ವೀಸೆಲ್ಲ ಟ್ರೇಲರ್ ಜೊತೆ ಕಳೆದೋನು. ಪೂಜೆ ಆಗದೆ ಒಂದು ಟ್ರೇಲರ್ ಗೇಟು ದಾಟಿದ್ದನ್ನ ನಾನು ಕಂಡಿಲ್ಲ. ಆದ್ರೆ ನಮ್ಮಲ್ಲಿ ಒಬ್ಬನ ತಲೆಗಾದರೂ ಇದು ಹೊಳೀಬೇಕಲ್ಲ? ಆಗಲೇ ಅಂದುಕೊಂಡೆ, ಆ ಸ್ಟ್ಯಾಂಡು ನಿಮ್ಮದೇ ಅಂತ. ಅದಕ್ಕೇ ಕ್ಯಾಮೆರಾ ತಂದೆ."

ಗಿರಿಜಾಂಬ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಪೋನು ಬಂದಿತ್ತು ಅಂತ ಹೇಳಕ್ಕೆ ಬಂದೆ. ನೀನೆಲ್ಲಿ ಹೇಳಕ್ ಬುಟ್ಟೆ?" ಎಂದರು ಮೆಲ್ಲಗೆ.

ಆಗ ರೇಣುಕಾಪ್ರಸಾದನಿಗೆ ಪುಟ್ಟಸ್ವಾಮಿಯ ಮನೆಯಲ್ಲಿದ್ದ ದೊಡ್ಡ ಟ್ರೇಲರು ನೆನಪಾಯಿತು. "ಒಂದು ಉಳಿದಿದೆ ಸಾರ್, ಎಲ್ಲಕ್ಕಿಂತ ದೊಡ್ಡದು" ಎಂದವನೇ ಹಿತ್ತಲಿಗೆ ಓಡಿದ. ಬಾಗಿಲಲ್ಲೇ ಪುಟ್ಟಸ್ವಾಮಿ ಎದುರಾದ. ಮೈಯೆಲ್ಲ ಸೀಮೆಎಣ್ಣೆ ವಾಸನೆ, ಮುಖದಲ್ಲಿ ದೊಡ್ಡ ನಗು.

"ತಗ ಪ್ರಸಾದು. ಒಂದು ಚುಕ್ಕೆ ಕುಂಕುಮ ತೋರ್ಸು ನೋಡಾನ. ಪಕ್ಕದಲ್ಲಿ ಅದೇನೋ ಇಂಗ್ಲೀಷಲ್ಲಿ ಬರ್ದಿತ್ತು, ಅದ್ನೂ ಬುಟ್ಟಿಲ್ಲ."

ಕಂಪನಿಯ ಹೆಸರೂ ಇಲ್ಲದೆ, ಬಣ್ಣವೂ ಇಲ್ಲದೆ ಟ್ರೇಲರು ಬರೀ ತಗಡಿನ ಮಣೆಯಾಗಿತ್ತು.

ಇನ್ನು ಉಳಿದದ್ದು ಒಂದೇ ದಾರಿ. "ಅವ್ವ, ಇನ್ನೊಂದು ಸತಿ ಮಾಡ್ಬುಡವ್ವ" ಎಂದು ಅಂಗಲಾಚಿದ.

"ಮಾಡಿದ ಪೂಜೇನ ಒರಸಾಕ್ಬುಟ್ಟು ಮತ್ತೆ ಮಾಡು ಅಂದ್ರೆ, ಅದೇನು ಬಸ್‌ಸ್ಟ್ಯಾಂಡ್ ಹೋಟ್ಲು ದೋಸೆನಾ ಮಗ? ಸುಂಡೆಕಾಯೂ ಇಲ್ಲ. ಗೊಜ್ಜಿಗೆ ಹಾಕ್ಬುಟ್ಟೆ."

ಮುನಿಶಾಮಯ್ಯ ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿದರು. ಹೊರಡುವ ಮುಂಚೆ ಒಂದು ಲೋಟ ನೀರು ಕೇಳಿಕೊಂಡು ಅಡುಗೆಮನೆಯ ಬಾಗಿಲವರೆಗೆ ಹೋದವರು ಅಲ್ಲೇ ನಿಂತರು. ಎದುರಿಗೆ ಕಿಟಕಿ. ಕಿಟಕಿಯಲ್ಲಿ ಶರೀಫ್ ಸಾಬರ ಮರದ ಲಾರಿ. ಹಳದಿ ಮೂತಿಗೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಎರಡೂ ಕಡೆ ಗರಿಕೆ, ಕೆಂಪು ಗಾಲಿಗಳ ಕೆಳಗೆ ನಾಲ್ಕು ಸುಂಡೆಕಾಯಿ.

"ಇದು?"

"ಇದೂ ಗಾಡಿನೇ ಅಲ್ವಾ ಸ್ವಾಮಿ, ಇದಕ್ಕೊಂದಕ್ಕೆ ಯಾಕೆ ಬುಡಾದು ಅಂತ ಮಾಡ್ದೆ" ಎಂದರು ಗಿರಿಜಾಂಬ. "ಇದ್ನ ಅವನು ಒರಸ್ನಿಲ್ಲ. ಇದು ಅವನ ಲೆಕ್ಕಕ್ಕೆ ಬರಾಕಿಲ್ಲ."

"ಇದಕ್ಕೆ ಸ್ಕೇಲಿಲ್ಲ ಸಾರ್" ಎಂದ ರೇಣುಕಾಪ್ರಸಾದ. ಆಡಿದ ಮೇಲೆ ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಂಡ.

ಮುನಿಶಾಮಯ್ಯ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಬೆಂಕಿಪೊಟ್ಟಣವನ್ನು ಮೆಲ್ಲಗೆ ತೊಟ್ಟಿಯಿಂದ ತೆಗೆದು ಗಿರಿಜಾಂಬನವರ ಕೈಗೆ ಕೊಟ್ಟರು. ಎದುರು ಮನೆಯಿಂದ ಶರೀಫ್ ಸಾಬರನ್ನು ಕರೆಸಿದರು, ಫೋಟೋ ತೆಗೆದರು, ಸ್ಟ್ಯಾಂಡಿನ ಮೇಲೆ ಹಾಕಲು ಇಬ್ಬರ ಹೆಸರನ್ನೂ ಕೇಳಿಕೊಂಡರು. ಲಾರಿ ಶರೀಫ್ ಅವರದು, ಪೂಜೆ ಗಿರಿಜಾಂಬನವರದು. ಮೂರನೆಯ ಹೆಸರು ಯಾರೂ ಹೇಳಲಿಲ್ಲ. ಅದನ್ನು ಒಂದು ಮಣೆಯ ಮೇಲಿಟ್ಟು ಕಾರಿನವರೆಗೆ ಹೊತ್ತು ತರುವ ಕೆಲಸ ಮಾತ್ರ ರೇಣುಕಾಪ್ರಸಾದನಿಗೆ ಬಂತು.

"ಹುಷಾರು ಪ್ರಸಾದ್, ಸುಂಡೆಕಾಯಿ ಉರುಳೀತು" ಎಂದರು ಮುನಿಶಾಮಯ್ಯ. "ಒಂದು ಕೆಲಸ ಮಾಡಿ, ಮೂಗಿಗೆ ಕರ್ಚೀಫು ಕಟ್ಟಿಕೊಳ್ಳಿ. ನಿಮ್ಮ ಉಸಿರಿಗೆ ವಿಭೂತಿ ಹಾರುತ್ತೆ."

ಬೀದಿಯವರೆಲ್ಲ ನೋಡುತ್ತಿರಲು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಲಾರಿ ಸಾಗಿಸಿ ಬಂದ. ಒಳಗೆ ಬಂದರೆ ಗಿರಿಜಾಂಬ ಬೆಂಕಿಪೊಟ್ಟಣ ಹಿಡಿದು ಜಾಗ ಹುಡುಕುತ್ತಿದ್ದರು. ಪುಟ್ಟಸ್ವಾಮಿ ತಂದಿಟ್ಟ ಜರ್ಮನಿಯ ಟ್ರೇಲರನ್ನು ಎತ್ತಿ ಅಡುಗೆಮನೆ ಕಿಟಕಿಯಲ್ಲಿಟ್ಟು, ಅದರ ಮೇಲೆ ಬೆಂಕಿಪೊಟ್ಟಣ ಇಟ್ಟು ನೋಡಿದರು.

"ಸರಿಯಾಗ್ ಕೂತ್ಕತು ಕಣಪ್ಪ" ಎಂದರು.