ಪೈಥಾನ್ ಪರಾಕ್ರಮವೂ ಸೋಪಿನ ನೊರೆಯೂ

ಇನ್ನು ಮುಂದೆ ಮನೆಕೆಲಸ ಹೇಳುವುದಕ್ಕೆ ನನ್ನ ಗಂಟಲು ಖರ್ಚಾಗಕೂಡದು ಎಂದು ಘೋಷಿಸಿಬಿಟ್ಟೆ! ಕಚೇರಿಯವರು ಕಲಿಸಿದ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಚೂರುಪಾರು ತಲೆಗೇರಿತ್ತು. ಶನಿವಾರ ಮಧ್ಯಾಹ್ನ ಗೆಳತಿಯ ಜೊತೆ ನಾಟಕಕ್ಕೆ ಹೋಗುವುದಿತ್ತು. ಮದುವೆಯಾದ ಮೇಲೆ ಮನೆಯವರನ್ನು ಬಿಟ್ಟು ನೋಡುವ ಮೊದಲ ನಾಟಕ! ಅಷ್ಟರೊಳಗೆ ಬಟ್ಟೆ ಒಗೆದಿರಬೇಕು, ಬೆಕ್ಕಿನ ಹೊಟ್ಟೆ ತುಂಬಿರಬೇಕು, ಯಾರೂ ನನ್ನನ್ನು ಕೂಗಬಾರದು. ಅದಕ್ಕೆಂದೇ ಗಂಡ, ಅತ್ತೆ, ಮಗಳು ಮೂವರಿಗೂ ಹೊತ್ತುಹೊತ್ತಿಗೆ ಮೆಸೇಜ್ ಕಳಿಸುವ ಪ್ರೋಗ್ರಾಂ ಬರೆದೆ.

ಬರೆದೆ ಎಂದರೆ, ಒಂದು ಸಲ ಬರೆದು ಉಳಿದದ್ದನ್ನೆಲ್ಲ ಕಾಪಿ ಹೊಡೆದು ಅಂಟಿಸಿದೆ. 'ಬಟ್ಟೆ ಒಗೆಯಿರಿ' ಎಂದಷ್ಟೇ ಹೇಳಿದರೆ ನನ್ನವರು ಯಂತ್ರಕ್ಕೆ ಬಟ್ಟೆ ತುರುಕಿ, ಯುದ್ಧ ಗೆದ್ದವರಂತೆ ಸೋಫಾಕ್ಕೆ ಮರಳುತ್ತಾರೆ. ಹಾಗಾಗಿ ತುಂಬಿಸುವುದು, ಸೋಪಿನ ಪುಡಿ ಹಾಕುವುದು, ಗುಂಡಿ ಒತ್ತುವುದು, ತೆಗೆದು ಒಣಗಿಸುವುದು, ಒಂದೊಂದಕ್ಕೂ ಬೇರೆ ಮೆಸೇಜ್. ಪ್ರೋಗ್ರಾಂ ಮಹಾಕಾವ್ಯದಷ್ಟು ಉದ್ದವಾಯಿತು!

ಮಗಳು ಇಣುಕಿ ನೋಡಿ ನಕ್ಕಳು. "ಅಮ್ಮಾ, ಹೇಳಿದ್ದನ್ನೇ ಎಷ್ಟು ಸಲ ಹೇಳ್ತೀಯಾ?"

"ಈ ಮನೇಲಿ ಒಂದು ಸಲ ಹೇಳಿ ಯಾವ ಕೆಲಸ ಆಗಿದೆ, ತೋರ್ಸು ನೋಡೋಣ!"

"ಅಪ್ಪಂಗೆ ಸರಿ, ಕಂಪ್ಯೂಟರ್‌ಗೆ ಬೇಡಮ್ಮ. ಜನರದ್ದೊಂದು ಪಟ್ಟಿ, ಕೆಲಸದ್ದೊಂದು ಪಟ್ಟಿ ಮಾಡು. ಲೂಪ್ ಹಾಕಿದ್ರೆ ಅದೇ ಸುತ್ತಿ ಸುತ್ತಿ ಕಳ್ಸತ್ತೆ. ಆದ್ರೆ ಯಾವ ಕೆಲಸ ಯಾರಿಗೆ ಅಂತ..."

"ಸಾಕು, ಗೊತ್ತಾಯ್ತು!" ಎಂದೆ. ಗೊತ್ತಾಗಿರಲಿಲ್ಲ.

ಮನೆಯ ಜನರನ್ನೆಲ್ಲ ಒಂದೆಡೆ, ಕೆಲಸಗಳನ್ನೆಲ್ಲ ಇನ್ನೊಂದೆಡೆ ಪೇರಿಸಿ, ಲೂಪಿನೊಳಗೊಂದು ಲೂಪ್ ಹೆಣೆದೆ. ಮಹಾಕಾವ್ಯ ಆರೇ ಸಾಲಿಗಿಳಿಯಿತು! ನನ್ನ ಅಡುಗೆಮನೆಯ ಕಪಾಟು ಕೂಡ ಎಂದೂ ಅಷ್ಟು ಚೊಕ್ಕಟವಾಗಿದ್ದಿಲ್ಲ.

ಶನಿವಾರ, ಮೊಬೈಲನ್ನು ಬಾಗಿಲಲ್ಲೇ ಇಸಿದುಕೊಳ್ಳುವ ನಮ್ಮ ಕಚೇರಿಯಲ್ಲಿ ಅರ್ಧ ದಿನ ದುಡಿದು, ವಾಪಸ್ ಸಿಕ್ಕ ಮೊಬೈಲನ್ನು ನೋಡದೆ ಚೀಲಕ್ಕೆ ತುರುಕಿ, ಬಟ್ಟೆ ಬದಲಿಸಲು ಮನೆಗೆ ಓಡಿಬಂದೆ. ಬಚ್ಚಲಿನಿಂದ ಹಜಾರದವರೆಗೆ ನೊರೆಯ ಮೆರವಣಿಗೆ! ಮೂರು ಊಟ ಮುಗಿಸಿದ ಬೆಕ್ಕು ಬಾಲ ಅಲ್ಲಾಡಿಸಲೂ ಆಗದೆ ಮೇಜಿನ ಮೇಲೆ ಬಿದ್ದಿತ್ತು.

"ಸೋಪು ಹಾಕಿದ್ದು ಯಾರು?"

"ನಾನು!" ಎಂದರು ಗಂಡ, ಎದೆಯುಬ್ಬಿಸಿ.

"ನಾನೂ ಹಾಕ್ದೆ," ಎಂದರು ಅತ್ತೆ. "ಸೊಸೆ ಮಾತು ಮೀರೋಕಾಗತ್ತೇನಮ್ಮ?"

"ನಾನೂ!" ಎಂದಳು ಮಗಳು. "ಎಲ್ಲಾ ಕೆಲಸಾನೂ ಎಲ್ಲರಿಗೂ ಕಳ್ಸಿದೀಯ. ಎಲ್ಲಿಗೆ ಹೋಗಿ ನಿಲ್ಲತ್ತೋ ನೋಡೋಣ ಅಂತ ಸುಮ್ನಿದ್ದೆ."

ಗುಂಡಿಯನ್ನೂ ಮೂವರೂ ಒತ್ತಿದ್ದರು. ಒಬ್ಬರು ಶುರು ಮಾಡಿದ್ದನ್ನು ಇನ್ನೊಬ್ಬರು ನಿಲ್ಲಿಸಿ, ಮತ್ತೊಬ್ಬರು ಪುನಃ ಶುರು ಮಾಡಿದ್ದರು!

ನಾಟಕದ ಆಸೆ ಬಿಟ್ಟು ನೆಲ ಒರೆಸಲು ಬಗ್ಗಿದೆ. ಗಂಡ ನನ್ನ ಕೈಯಿಂದ ಒರೆಸುವ ಬಟ್ಟೆ ಕಿತ್ತುಕೊಂಡರು. "ನೀನು ಹೊರಡೇ! ಇದು ನಮ್ಮ ನೊರೆ, ನಾವು ನೋಡ್ಕೋತೀವಿ." ಅತ್ತೆ ಆಗಲೇ ಬಕೆಟ್ ತಂದಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಸಂತೋಷಕ್ಕೆ, ಅರ್ಧ ಸೋಪಿಗೆ.

ನಾಟಕ ಶುರುವಾಯಿತು. ರಾಣಿ ಸಿಂಹಾಸನ ತೊರೆದು ಹೊರಡುವ ಗಂಭೀರ ಗಳಿಗೆ. ಸಭೆಯೆಲ್ಲ ಉಸಿರು ಬಿಗಿಹಿಡಿದಿತ್ತು. ಆಗ ನನ್ನ ಮೊಬೈಲ್ 'ಟಿಂಗ್' ಎಂದಿತು: 'ಬಟ್ಟೆ ತೆಗೆದು ಒಣಗಿಸಿ.'

ಚೀಲ ಹೆಗಲಿಗೇರಿಸಿ ದಡಕ್ಕನೆ ಎದ್ದು ನಿಂತೆ. "ಕೂತ್ಕೊಳ್ರೀ!" ಎಂದು ಹಿಂದಿನ ಸಾಲು ಗದರಿತು. ಗೆಳತಿ ಸೆರಗು ಹಿಡಿದೆಳೆದಳು.

"ಎಲ್ಲಿಗೇ?"

"ಮನೆಗೆ. ಬಟ್ಟೆ ಒಣಗಿಸ್ಬೇಕಂತೆ."

"ನಾಟಕದ ಮಧ್ಯೆ ಇಂಥಾ ಅಪ್ಪಣೆ ಕೊಡೋ ಪುಣ್ಯಾತ್ಮ ಯಾರೇ ಅದು?"

ಮೊಬೈಲ್ ನೋಡಿದೆ. ಮನೆಯ ಜನರ ಪಟ್ಟಿ ಬರೆಯುವಾಗ ಎಲ್ಲರಿಗಿಂತ ಮೊದಲು ನನ್ನ ಹೆಸರನ್ನೇ ಸೇರಿಸಿಕೊಂಡಿದ್ದೆ!

"ನಾನೇ ಕಣೇ," ಎಂದು ಮೆಲ್ಲಗೆ ಕುಳಿತೆ.