ಮೂರನೇ ಡ್ರಮ್ಮು

ನಮ್ಮ ಪುಟ್ಟಿ ದುಂಡಗಿದ್ದಾಳೆ. ಹತ್ತು ವರ್ಷದ ಹುಡುಗಿ ದುಂಡಗಿರುವುದು ಅಪರಾಧವೇನಲ್ಲ. ಆದರೆ ನಮ್ಮ ಮನೆಯಲ್ಲಿ ಅದಕ್ಕೂ ಒಬ್ಬ ಅಪರಾಧಿ ಬೇಕಿತ್ತು, ಆ ಹುದ್ದೆಗೆ ನನ್ನನ್ನು ಸರ್ವಾನುಮತದಿಂದ ಆರಿಸಲಾಯಿತು. (ಮತ ಚಲಾಯಿಸಿದವಳು ನನ್ನ ಹೆಂಡತಿ ಒಬ್ಬಳೇ.)

"ಸ್ಕೂಲಿಗೆ ಬಂದ ಡಾಕ್ಟರು ಹೇಳಿದಾರೆ, ಮಗು ದಿನಾ ಓಡ್ಬೇಕಂತೆ, ಇಲ್ದಿದ್ರೆ ಮುಂದೆ ಕಷ್ಟವಂತೆ," ಎಂದಳು. "ಎಲ್ಲಿ ಓಡ್ಬೇಕು? ನಿಮ್ಮ ತಲೆ ಮೇಲಾ?"

ಪ್ರಶ್ನೆ ನ್ಯಾಯವಾದದ್ದೇ. ನನ್ನ ತಲೆಯ ಮೇಲೆ ಈಗ ಬೇಕಾದಷ್ಟು ಬಯಲಿದೆ, ಬೀದಿಯಲ್ಲಿ ಇಲ್ಲ. ಎರಡೂ ಬದಿಗೆ ಕಾರು, ನಡುವೆ ಬೈಕು, ಹೊಸಿಲು ದಾಟಿದರೆ ಹಾರ್ನು. ಎಲ್ಲರೂ ಮಕ್ಕಳ ತಟ್ಟೆಗೆ ಇಣುಕುತ್ತಾರೆ, ಬೀದಿಗೆ ಯಾರೂ ಇಣುಕುವುದಿಲ್ಲ. ಆಡುವ ಜಾಗವನ್ನೆಲ್ಲ ದೊಡ್ಡವರು ನುಂಗಿ ನೀರು ಕುಡಿದು, ಆಮೇಲೆ ಮಗುವಿನ ಹೊಟ್ಟೆಯ ಕಡೆ ಬೆರಳು ತೋರಿಸುವುದೇ? ನನಗೆ ರೇಗಿಹೋಯಿತು.

ರೇಗಿದರೆ ನನ್ನಿಂದಾಗುವ ಕೆಲಸ ಒಂದೇ: ರಸ್ತೆ ಮುಚ್ಚುವುದು. ನಾನು ಪುರಸಭೆಯ ರಸ್ತೆ ವಿಭಾಗದವನು. ಪೈಪು ಹೂಳುವುದಕ್ಕೆ, ಹೂತ ಪೈಪು ಹುಡುಕುವುದಕ್ಕೆ, ಊರಿನ ಯಾವ ರಸ್ತೆ ಮುಚ್ಚಬೇಕಾದರೂ ಆದೇಶ ಬರೆಯುವವನು ನಾನೇ. ಪೈಪಿಗಾಗಿ ತಿಂಗಳುಗಟ್ಟಲೆ ಮುಚ್ಚುವ ರಸ್ತೆಯನ್ನು ಮಕ್ಕಳಿಗಾಗಿ ಸಂಜೆ ಒಂದು ಗಂಟೆ ಮುಚ್ಚಿದರೆ ಆಕಾಶ ಕಳಚಿ ಬೀಳುತ್ತದೆಯೇ ಎಂದು ದೊಡ್ಡ ಎಂಜಿನಿಯರ ಮೇಜು ಗುದ್ದಿಯೇ ಕೇಳಿದೆ.

"ಮೊದ್ಲು ನಿಮ್ಮ ಬೀದೀಲೇ ಮಾಡಿ ನೋಡ್ರಿ," ಎಂದರು. "ತಿಂಗಳು ಬಿಟ್ಟು ನಾನೇ ಬರ್ತೀನಿ. ಓಡೋ ಮಕ್ಕಳು ಹೇಗಿದ್ರೂ ಓಡ್ತಾವೆ. ಓಡದೇ ಇರೋ ಮಗು ಒಂದಾದ್ರೂ ಓಡಿದ್ರೆ ಊರಿಗೆಲ್ಲ ಜಾರಿ. ಇಲ್ದಿದ್ರೆ ಬಾಯಿ ಮುಚ್ಕೊಂಡು ಪೈಪು ನೋಡ್ಕೊಳ್ಳಿ."

ಕೈಗೆ ಅಭ್ಯಾಸವಾಗಿದ್ದ ಗುಂಡಿ ತೋಡುವ ಆದೇಶದ ಒಕ್ಕಣೆಯನ್ನೇ ಇಳಿಸಿದೆ: 'ಯಾವ ವಾಹನಕ್ಕೂ, ಯಾರ ವಾಹನಕ್ಕೂ ಪ್ರವೇಶವಿಲ್ಲ.' ಬೀದಿಯ ಬಾಯಿಗೆ ಎರಡು ಖಾಲಿ ಡಾಂಬರು ಡ್ರಮ್ಮು ನಿಲ್ಲಿಸಿದ್ದಾಯಿತು. ಮಕ್ಕಳೆಲ್ಲ ಹೋ ಎಂದು ಬಂದರು. ಪುಟ್ಟಿ ಮಾತ್ರ ಕಿಟಕಿ ಬಿಟ್ಟು ಏಳಲಿಲ್ಲ.

"ಹೋಗಮ್ಮ, ನಿನಗೋಸ್ಕರನೇ ಅಪ್ಪ ರಸ್ತೆ ಬಂದ್ ಮಾಡಿಸಿದ್ದು," ಎಂದೆ.

"ನನ್ನನ್ನ ಡ್ರಮ್ಮು ಅಂತಾರೆ. ನೀನು ಗಾಡಿ ನಿಲ್ಲಿಸಿದೆ, ಅವ್ರ ಬಾಯಿ ನಿಲ್ಲಿಸಿದ್ಯಾ?"

ಬಾಯಿ ಮುಚ್ಚಿಸುವ ಆದೇಶ ನಮ್ಮ ವಿಭಾಗದಲ್ಲಿಲ್ಲ. (ಇದ್ದಿದ್ದರೆ ಮೊದಲು ಮನೆಯಲ್ಲೇ ಜಾರಿಗೊಳಿಸುತ್ತಿದ್ದೆ.) ನಿಜವಾಗಿ ನನಗೆ ಸಂಕಟವಾಯಿತು.

ಆಗ ನನ್ನ ಹೆಂಡತಿ ಎಲ್ಲಿಂದಲೋ ಒಂದು ಪೀಪಿ ತಂದು ಅವಳ ಕೊರಳಿಗೆ ಹಾಕಿದಳು. "ಓಡೋದು ಬೇಡ ಬಿಡು. ಬೈಕಿನೋರು ಸಂದೀಲಿ ನುಗ್ತಾ ಇದಾರೆ. ನಿಂತು ತಡಿ, ಸಾಕು."

ಪುಟ್ಟಿ ಹೋಗಿ ಎರಡು ಡ್ರಮ್ಮುಗಳ ನಡುವೆ ನಿಂತಳು. "ಮೂರನೇ ಡ್ರಮ್ಮು!" ಎಂದು ಒಬ್ಬ ಕಿರುಚಿದ.

"ಹೂಂ, ಮೂರನೇದೇ. ಧೈರ್ಯ ಇದ್ರೆ ದಾಟಿ ನೋಡು," ಎಂದಳು. ಅಲ್ಲಿಂದ ಮುಂದೆ ಒಂದು ಸೈಕಲ್ಲೂ ಒಳಗೆ ಬರಲಿಲ್ಲ. ಆದರೆ ಅವಳು ನಿಂತಲ್ಲೇ ನಿಂತಳು, ಓಡಲಿಲ್ಲ.

ಪರೀಕ್ಷೆಯ ಸಂಜೆ ಬಂತು. ದೊಡ್ಡ ಎಂಜಿನಿಯರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದೆ. (ಮೇಲಧಿಕಾರಿಗಳ ತೂಕದ ಬಗ್ಗೆ ನಾನು ಮಾತಾಡುವಂತಿಲ್ಲ, ಸ್ಕೂಟರು ನರಳುತ್ತಿತ್ತು ಎಂದಷ್ಟೇ ಹೇಳಬಲ್ಲೆ.) ಡ್ರಮ್ಮಿನ ಬಳಿ ಪೀಪಿ ಕೂಗಿತು.

"ಇಳೀರಿ. ಗಾಡಿ ಬಿಡಲ್ಲ."

"ಲೇ, ನಾನು ಕಣೇ, ನಿಮ್ಮಪ್ಪ!"

"ಗೊತ್ತು. ಯಾರ ಗಾಡೀನೂ ಬಿಡಬಾರ್ದು ಅಂತ ಬರೆದೋರು ಯಾರು?"

ಬೆನ್ನ ಹಿಂದೆ ಎಂಜಿನಿಯರು ಕಿಸಕ್ಕೆಂದರು. ನನ್ನ ಮಾನ ಹರಾಜಾಗುತ್ತಿತ್ತು. ಹಿಂದೆಮುಂದೆ ನೋಡದೆ ಡ್ರಮ್ಮಿಗೂ ಗೋಡೆಗೂ ನಡುವೆ ಸ್ಕೂಟರು ತೂರಿಸಿದೆ.

"ಹಿಡೀರೋ ಅವ್ರನ್ನ!"

ಕನ್ನಡಿಯಲ್ಲಿ ನೋಡುತ್ತೇನೆ, ಪುಟ್ಟಿ ಓಡಿ ಬರುತ್ತಿದ್ದಾಳೆ! ಜಡೆ ಬಿಚ್ಚಿದೆ, ಮುಖ ಕೆಂಪಾಗಿದೆ. ಅವಳ ಹಿಂದೆ, ಡ್ರಮ್ಮು ಎಂದು ಕಿರುಚಿದವನೂ ಸೇರಿ, ಬೀದಿಯ ಮಕ್ಕಳೆಲ್ಲ, "ಬಿಡ್ಬೇಡ ಕಣೇ, ಇನ್ನೇನು ಸಿಕ್ಕಿಬಿಟ್ರು!" ಎಂದು ಕೂಗುತ್ತಿದ್ದಾರೆ. ಸಂತೋಷಕ್ಕೆ ನನ್ನ ಕಣ್ಣು ಮಂಜಾಯಿತು. ಮಂಜಿನಲ್ಲಿ ನಮ್ಮ ಮನೆಯ ಗೇಟು ಕಾಣಿಸಲಿಲ್ಲ.

ದೊಡ್ಡ ಎಂಜಿನಿಯರು ಹೂಕುಂಡಗಳ ನಡುವಿನಿಂದ ಎದ್ದು ಮಣ್ಣು ಕೊಡವಿಕೊಂಡರು. "ಮಗು ಓಡ್ತು. ಊರಿಗೆಲ್ಲ ಜಾರಿ," ಎಂದರು. "ಸ್ಕೂಟರು ಜಪ್ತಿ."

ಆಗಲಿ! ಗೆದ್ದದ್ದು ನಾನೇ ಎಂದು ಎದೆಯುಬ್ಬಿಸಿ ಒಳಗೆ ಹೋದೆ. ಆದರೆ ಮಾರನೆಯ ಸಂಜೆ ಪುಟ್ಟಿ ಸಪ್ಪೆ ಮುಖ ಹಾಕಿಕೊಂಡು ಬಂದಳು. "ಅಪ್ಪಾ, ಯಾವ ಗಾಡೀನೂ ಬರ್ತಾ ಇಲ್ಲ. ಅಟ್ಟಿಸ್ಕೊಂಡು ಹೋಗೋಕೆ ಯಾರೂ ಇಲ್ಲ."

ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಏಳಿ ಮತ್ತೆ. ಪಂಚೆ ಬೇಡ, ಪ್ಯಾಂಟು ಹಾಕ್ಕೊಳ್ಳಿ."

ಈಗ ದಿನಾ ಸಂಜೆ ನಾನು ಡ್ರಮ್ಮು ದಾಟಿ ಓಡುತ್ತೇನೆ, ಬೀದಿಯ ಮಕ್ಕಳೆಲ್ಲ ಪುಟ್ಟಿಯ ಹಿಂದೆ ನನ್ನನ್ನು ಅಟ್ಟಿಸಿಕೊಂಡು ಬರುತ್ತಾರೆ. ಸಿಕ್ಕಿಬೀಳುವವನು ನಾನೇ, ಆದರೂ ಸೋಲೊಪ್ಪಿಲ್ಲ. ಪಕ್ಕದ ಬೀದಿಯವರು ತಮಗೂ ಇಂಥ ಒಬ್ಬ ಕಳ್ಳನನ್ನು ಒದಗಿಸಬೇಕೆಂದು ಪುರಸಭೆಯನ್ನು ಕೇಳಿದ್ದಾರಂತೆ. ಅದು ರಸ್ತೆ ವಿಭಾಗದ ಕರ್ತವ್ಯವೆಂದು ದೊಡ್ಡ ಎಂಜಿನಿಯರು ಇವತ್ತೇ ಸಹಿ ಹಾಕಿದರು.